ಮೊದಲು ಬೆಳವಣಿಗೆ, ಆಮೇಲೆ ಸ್ಪರ್ಧಾ ಕಾನೂನು?

ದಕ್ಷಿಣ ಕೊರಿಯಾ ಮೊದಲು ದೊಡ್ಡ ಕಂಪನಿಗಳನ್ನು ಬೆಳೆಸಿ ಆಮೇಲೆ ಸ್ಪರ್ಧಾ ಕಾನೂನು (ಕಂಪನಿಗಳು ಕೂಡಿಕೊಂಡು ಪೈಪೋಟಿ ಇಲ್ಲದಂತೆ ಮಾಡುವುದನ್ನು ತಡೆಯುವ ಕಾನೂನು) ತಂದಿತು, ಬಡ ದೇಶಗಳಿಗೂ ಅದೇ ದಾರಿ ಸಾಕಲ್ವಾ ಎಂದು ಕೇಳಿದ್ದೀರಿ. ಅಲ್ಲಿ ಕಾನೂನು ಬಂದಿದ್ದು 1980ರಲ್ಲಿ, ನಿಜ. ಆದರೆ ಆ ಕಂಪನಿಗಳು ರಫ್ತು ಮಾಡಲೇಬೇಕಿತ್ತು. ಹೊರಗಿನ ಪೈಪೋಟಿಯೇ ಅವನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ದೇಶದೊಳಗೇ ಮಾರುವ ಸಿಮೆಂಟ್, ಹಿಟ್ಟು, ಬ್ರೆಡ್‌ಗೆ ಅಂಥ ಪೈಪೋಟಿ ಎಲ್ಲಿಂದ ಬರಬೇಕು?

ದಕ್ಷಿಣ ಆಫ್ರಿಕಾ ನೋಡಿ. ದೊಡ್ಡ ಬ್ರೆಡ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿದ್ದು 2006ರ ಕೊನೆಯಲ್ಲಿ ಬಯಲಾಯಿತು. ಆ ಹೊರೆ ಜಾಸ್ತಿ ಬಿದ್ದಿದ್ದು ಬಡವರ ಮೇಲೆ, ಅದೇ ನನಗೆ ತುಂಬಾ ಸಂಕಟ ತರುವ ವಿಷಯ. ಆ ಕಂಪನಿಗಳಲ್ಲಿ ಒಂದಾದ ಟೈಗರ್ ಬ್ರ್ಯಾಂಡ್ಸ್ 2007ರಲ್ಲಿ 9 ಕೋಟಿಗೂ ಹೆಚ್ಚು ರ‍್ಯಾಂಡ್ ದಂಡ ಕಟ್ಟಲು ಒಪ್ಪಿತು. ಅಲ್ಲಿನ 1998ರ ಸ್ಪರ್ಧಾ ಕಾನೂನು ಕಂಪನಿಗಳ ವಿಲೀನಕ್ಕೆ ಒಪ್ಪಿಗೆ ಕೊಡುವಾಗ ಉದ್ಯೋಗವನ್ನೂ ಸಣ್ಣ ವ್ಯಾಪಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.