ಎಂಆರ್‌ಪಿ ಬದಿಗಿಡಿ, ಕೆಜಿಗೆಷ್ಟು ನೋಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ನಾವು ನಾಲ್ವರು ಹುಡುಗಿಯರು ಮನೆ ಬಾಡಿಗೆಗೆ ಹಿಡಿದು ಅಡುಗೆ ಮಾಡಿಕೊಳ್ಳುತ್ತಿದ್ದೇವೆ. ದಿನಸಿಗೆಂದು ತಲಾ ₹1,500 ಎತ್ತಿಡುತ್ತೇವೆ, ಇಪ್ಪತ್ತನೇ ತಾರೀಕಿಗೇ ಖಾಲಿ. ದೊಡ್ಡ ಸೂಪರ್‌ ಮಾರ್ಕೆಟ್‌ ಅಗ್ಗವೋ, ಬೀದಿ ಕೊನೆಯ ಕಿರಾಣಿ ಅಂಗಡಿಯೋ?
– ನಾಲ್ವರ ಪರವಾಗಿ ಒಬ್ಬಳು, ಮೈಸೂರು

ಉತ್ತರ: ಅಂಗಡಿಗೆ ಅಂಗಡಿ ಹೋಲಿಸಿದರೆ ಲೆಕ್ಕ ಹತ್ತುವುದಿಲ್ಲ, ಸಾಮಾನಿಗೆ ಸಾಮಾನು ಹೋಲಿಸಿ. ಎಲ್ಲವನ್ನೂ ಹೋಲಿಸಬೇಕಿಲ್ಲ. ಅಕ್ಕಿ, ತೊಗರಿಬೇಳೆ, ಎಣ್ಣೆ, ಗೋಧಿಹಿಟ್ಟು, ರವೆ, ಸಕ್ಕರೆ, ಕಾಫಿಪುಡಿ, ಸೋಪು, ಬಟ್ಟೆ ಒಗೆಯುವ ಪುಡಿ – ನಿಮ್ಮ ದುಡ್ಡಿನ ಬಹುಪಾಲು ಹೋಗುವುದು ಇಂಥ ಎಂಟು ಹತ್ತಕ್ಕೆ. ಸಾಸಿವೆ, ಇಂಗಿನ ಬೆಲೆ ಹುಡುಕಿ ಅಲೆದರೆ ಚಪ್ಪಲಿ ಸವೆದೀತು, ಅಷ್ಟೆ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ತಾರೀಕು, ಅಂಗಡಿ, ನಿವ್ವಳ ತೂಕ, ಬಿಲ್ಲಿನಲ್ಲಿ ಕೊಟ್ಟ ಹಣ, ಕೆಜಿಗೆ ಬಿದ್ದ ದರ. ಕೊಟ್ಟ ಹಣವನ್ನು ಗ್ರಾಂನಿಂದ ಭಾಗಿಸಿ 1,000ದಿಂದ ಗುಣಿಸಿದರೆ ದರ ಸಿಕ್ಕಿತು. ಎರಡು ತಿಂಗಳು ಬರೆದರೆ ಸಾಕು, ಯಾವುದನ್ನು ಎಲ್ಲಿ ಕೊಳ್ಳಬೇಕೆಂದು ಪುಟವೇ ಹೇಳುತ್ತದೆ.

ಎಲ್ಲರೂ ಎಡವುವುದು ಎಂಆರ್‌ಪಿಯಲ್ಲಿ. ಅದು ಮಾರಬಹುದಾದ ಗರಿಷ್ಠ ಬೆಲೆ, ನಿಜವಾದ ಬೆಲೆಯಲ್ಲ. ಒಂದು ಕಡೆ ₹220 ಎಂಆರ್‌ಪಿಯ ಒಂದು ಕೆಜಿ ತೊಗರಿಬೇಳೆಗೆ ₹50 ಕಡಿತ, ಇನ್ನೊಂದು ಕಡೆ ₹175ರದಕ್ಕೆ ₹10 ಮಾತ್ರ ಕಡಿತ ಎಂದುಕೊಳ್ಳಿ. ದೊಡ್ಡ ಅಕ್ಷರದ ₹50 ಕಣ್ಣಿಗೆ ಹೊಡೆಯುತ್ತದೆ. ಆದರೆ ಕೈಯಿಂದ ಹೋಗುವ ಹಣ ಮೊದಲನೆಯದಕ್ಕೆ ₹170, ಎರಡನೆಯದಕ್ಕೆ ₹165.

ಪೊಟ್ಟಣದ ಮೇಲೆ ‘ಯುಎಸ್‌ಪಿ’ ಎಂದು ಗ್ರಾಂ ಅಥವಾ ಕೆಜಿ ದರವನ್ನೂ ಮುದ್ರಿಸುತ್ತಾರೆ, ಕಾನೂನೇ ಹಾಗೆ ಹೇಳುತ್ತದೆ. ಕುರುಡಾಗಿ ನಂಬಬೇಡಿ. ಅದು ಎಂಆರ್‌ಪಿಯಿಂದ ಲೆಕ್ಕ ಹಾಕಿದ್ದು, ಅಂಗಡಿಯವರು ಬಿಟ್ಟ ರಿಯಾಯಿತಿ ಅದರಲ್ಲಿ ಇರುವುದಿಲ್ಲ. ಒಂದು ಕೆಜಿಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ದರವನ್ನು ಎರಡೇ ದಶಮಾಂಶಕ್ಕೆ ಹಾಕುವುದರಿಂದ ‘ಗ್ರಾಂಗೆ ₹0.18’ ಎಂದಿದ್ದರೆ ಅದು ಕೆಜಿಗೆ ₹175 ಇರಬಹುದು, ₹184 ಕೂಡ ಇರಬಹುದು. ವಿದ್ಯಾರ್ಥಿಗಳಿಗೆ ಆ ₹9 ಲೆಕ್ಕಕ್ಕೆ ಬರುವ ದುಡ್ಡೇ.

ಎಣ್ಣೆಯಲ್ಲಿ ಇನ್ನೊಂದು ಮೋಸವಿದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಕಾಣುವ, 850 ಗ್ರಾಂನ ಪೌಚ್ ಇರಬಹುದು. ಲೀಟರಿನದು ₹150, 850 ಗ್ರಾಂನದು ₹144 ಇದ್ದರೆ ಎರಡನೆಯದನ್ನೇ ಎತ್ತಿಕೊಳ್ಳುತ್ತೀರಿ. ಕೆಜಿ ಲೆಕ್ಕದಲ್ಲಿ ಮೊದಲನೆಯದು ₹165ರ ಹತ್ತಿರ, ಎರಡನೆಯದು ₹169 ದಾಟುತ್ತದೆ. ಎಣ್ಣೆಯನ್ನು ಯಾವತ್ತೂ ಗ್ರಾಂನಲ್ಲೇ ಹೋಲಿಸಿ.

ಅಕ್ಕಿ ಮೂಟೆ 25 ಕೆಜಿಯ ಬದಲು 26 ಕೆಜಿ ಇರುವುದನ್ನು ನೋಡಿರುತ್ತೀರಿ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂತು, ಅದರಾಚೆಗಿನದಕ್ಕೆ ಇಲ್ಲ. ಗಿರಣಿಯವರು ಒಂದು ಕೆಜಿ ಸೇರಿಸಿ ತೆರಿಗೆ ತಪ್ಪಿಸಿದರು. ಅಂಗಡಿಯಲ್ಲಿ ಮೂಟೆ ಬಿಚ್ಚಿ ತೂಗಿ ಕೊಡುವ ಅಕ್ಕಿಗೂ ತೆರಿಗೆಯಿಲ್ಲ. ಹಾಗಾಗಿ ಚಂದದ ಐದು ಕೆಜಿ ಚೀಲಕ್ಕಿಂತ ಇವೆರಡನ್ನು ಮೊದಲು ವಿಚಾರಿಸಿ. ಒಪ್ಪೊತ್ತಿಗೆ ತಲಾ 125 ಗ್ರಾಂನಂತೆ ನಾಲ್ವರು ಎರಡು ಹೊತ್ತು ಉಂಡರೆ ದಿನಕ್ಕೆ ಒಂದು ಕೆಜಿ, 26 ದಿನಕ್ಕೆ ಮೂಟೆ ಮುಗಿಯುತ್ತದೆ. ರಜೆಗೆ ಊರಿಗೆ ಹೋಗುವ ಮುಂಚಿನ ತಿಂಗಳು ಮೂಟೆ ತರಬೇಡಿ, ಮಳೆಗಾಲದಲ್ಲಿ ಮುಚ್ಚಿಟ್ಟ ಮನೆಯಲ್ಲಿ ನುಸಿ ಹಿಡಿದರೆ ಉಳಿಸಿದ್ದೆಲ್ಲ ಹೋಯಿತು. ಹಳೆಯದೋ ಹೊಸದೋ ಕೇಳಿ. ಹಳೆ ಅಕ್ಕಿ ಕೆಜಿಗೆ ಎರಡು ಮೂರು ರೂಪಾಯಿ ಹೆಚ್ಚಾದರೂ ಚೆನ್ನಾಗಿ ಅರಳುತ್ತದೆ, ಹೊಸ ಅಕ್ಕಿ ಮುದ್ದೆಯಾಗುತ್ತದೆ.

ಹೋಗಿಬರುವ ಖರ್ಚನ್ನೂ ಪುಸ್ತಕದಲ್ಲಿ ಬರೆಯಿರಿ. ಶಕ್ತಿ ಯೋಜನೆಯಿಂದ ನಿಮಗೆ ಬಸ್ಸಿನ ಚಾರ್ಜಿಲ್ಲ, ಆದರೆ ಮೂಟೆಯ ಜೊತೆ ಬರಲು ಆಟೋ ಬೇಕಾದೀತು. ₹100 ಉಳಿಸಿ ₹120 ಆಟೋಗೆ ಕೊಟ್ಟರೆ ಕಿರಾಣಿ ಅಂಗಡಿಯೇ ಅಗ್ಗ. ತಿಂಗಳಿಗೊಮ್ಮೆ ನಾಲ್ವರದ್ದೂ ಸೇರಿಸಿ ತನ್ನಿ. ತರಕಾರಿ ಹಾಪ್‌ಕಾಮ್ಸ್‌ನ ದರ ಫಲಕ ನೋಡಿಕೊಂಡು ಕೊಳ್ಳಿ, ಸಂಜೆ ಹೊತ್ತು ಅಂಗಡಿ ಮುಚ್ಚುವ ಮುಂಚೆ ಸೊಪ್ಪು ಅಗ್ಗ.

ಪ್ರಶ್ನೆ: ಆಫರ್ ನೋಡೇ ತಗೋತೇವ್ರೀ, ಆದ್ರೂ ತಿಂಗಳ ಕೊನಿಗೆ ರೊಕ್ಕ ಉಳಿಯಂಗಿಲ್ಲ. ‘ಶೇ 20 ಹೆಚ್ಚು’ ಅಂದ್ರ ಶೇ 20 ರಿಯಾಯಿತಿ ಅಲ್ಲೇನ್ರೀ?
– ಬಿ.ಇ. ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಲ್ಲ. 100 ಗ್ರಾಂ ಬೆಲೆಗೆ 120 ಗ್ರಾಂ ಸಿಕ್ಕರೆ ಉಳಿತಾಯ ಶೇ 16.67. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರಕ್ಕೆ ಶೇ 33, ‘ಎರಡನೆಯದು ಅರ್ಧ ಬೆಲೆ’ ಎಂದರೆ ಶೇ 25 ಮಾತ್ರ. ಬೇಡದಿದ್ದ ಎರಡನೆಯದಕ್ಕೆ ಉಳಿತಾಯವೇ ಇಲ್ಲ. ಅವಧಿ ಮುಗಿಯುವ ತಾರೀಕನ್ನೂ ನೋಡಿ, ಕೆಲವು ಆಫರ್ ಹಳೆ ಸರಕು ಖಾಲಿ ಮಾಡಲಿಕ್ಕೇ ಇರುತ್ತವೆ.

ದೊಡ್ಡದೇ ಅಗ್ಗ ಎಂಬ ನಂಬಿಕೆಯನ್ನೂ ಬಿಡಿ. ಶಾಂಪೂವಿನಲ್ಲಿ ಸ್ಯಾಷೆಯೇ ಬಾಟಲಿಗಿಂತ ಅಗ್ಗವಾಗಿರುವುದು ಹಲವು ಬಾರಿ. ₹10ರ ಬಿಸ್ಕತ್ತಿನಲ್ಲಿ ಬೆಲೆ ಕದಲದೆ ಗ್ರಾಂ ಇಳಿಯುತ್ತದೆ, ಕಳೆದ ತಿಂಗಳ ಕವರ್ ಇಟ್ಟುಕೊಂಡರೆ ಗೊತ್ತಾಗುತ್ತದೆ. ಹತ್ತು ನಿಮಿಷದಲ್ಲಿ ತಲುಪಿಸುವ ಆ್ಯಪ್‌ನಲ್ಲಿ ₹200ರ ಸಾಮಾನಿಗೆ ಡೆಲಿವರಿ, ಹ್ಯಾಂಡ್ಲಿಂಗ್ ಎಂದು ₹35 ಸೇರಿದರೆ ಶೇ 17.5 ಹೆಚ್ಚು ಕೊಟ್ಟಂತೆ.

ಪ್ರಶ್ನೆ: ಅಂಗಡಿಯವರು ನಂದಿನಿ ಹಾಲಿಗೆ ಫ್ರಿಜ್ ಚಾರ್ಜ್ ಎಂದು ₹1 ಹೆಚ್ಚು ತೆಗೆದುಕೊಳ್ಳುತ್ತಾರೆ. ಸರಿಯೇ?
– ಪಿ.ಜಿ. ವಾಸಿ, ಬೆಂಗಳೂರು

ಉತ್ತರ: ಎಂಆರ್‌ಪಿ ಮೀರಿ ಮಾರುವುದು ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಹಾಲಿನಲ್ಲೂ ಲೀಟರ್ ಲೆಕ್ಕ ಬಿಡಬೇಡಿ. 2024ರ ಜೂನ್‌ನಲ್ಲಿ ನೀಲಿ ಪ್ಯಾಕೆಟ್ ₹42ರಿಂದ ₹44 ಆದಾಗ 50 ಮಿ.ಲೀ. ಸೇರಿಸಿದ್ದರಿಂದ ಲೀಟರ್ ದರ ಹೆಚ್ಚುಕಡಿಮೆ ಹಾಗೇ ಇತ್ತು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ಹೋಗಿ ಲೀಟರಿಗೆ ₹4 ಏರಿತು. ನಿಜವಾದ ಏರಿಕೆ ಆಗಿನದು.

ಪ್ರಶ್ನೆ: ಮಗ ಜರ್ಮನಿಯ ಆಖೆನ್‌ನಲ್ಲಿ ಓದುತ್ತಿದ್ದಾನೆ. ಯೂರೋವನ್ನು ರೂಪಾಯಿಗೆ ಗುಣಿಸಿ ಗುಣಿಸಿ ಅರ್ಧಹೊಟ್ಟೆ ಉಣ್ಣುತ್ತಾನೆ.
– ತಾಯಿ, ದಾವಣಗೆರೆ

ಉತ್ತರ: ಗುಣಿಸುವುದನ್ನು ಬಿಡಲು ಹೇಳಿ. ಅಲ್ಲಿ ಶೆಲ್ಫಿನ ಚೀಟಿಯ ಮೇಲೆ ಬೆಲೆಯ ಜೊತೆ ಸಣ್ಣಕ್ಷರದಲ್ಲಿ ಕೆಜಿ ಅಥವಾ ಲೀಟರ್ ದರ ಇರುತ್ತದೆ, ಅದನ್ನು ‘ಗ್ರುಂಡ್‌ಪ್ರೈಸ್’ ಎನ್ನುತ್ತಾರೆ. ಅವನು ನೋಡಬೇಕಾದ್ದು ಅದೊಂದನ್ನೇ. ಆಲ್ಡಿ, ಲಿಡ್ಲ್ ಅಗ್ಗದ ಅಂಗಡಿಗಳು. ರೆವೆ ಎಂಬ ಸೂಪರ್‌ ಮಾರ್ಕೆಟ್ಟಿಗೆ ಹೋದರೆ ‘ಯಾ!’ ಎಂಬ ಅವರದೇ ಬ್ರ್ಯಾಂಡ್ ಸಾಕು. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ ಬಿಲ್ಲಿನಲ್ಲಿ 25 ಸೆಂಟ್ ಠೇವಣಿ ಸೇರುತ್ತದೆ. ಅಂಗಡಿಯ ಯಂತ್ರಕ್ಕೆ ಖಾಲಿ ಬಾಟಲಿ ಹಾಕಿ ಚೀಟಿ ಪಡೆದು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಡದಿದ್ದರೆ ರೈಲ್ವೆ ನಿಲ್ದಾಣದ ದುಬಾರಿ ಅಂಗಡಿಯೇ ಗತಿ. ಮಸೂರ್ ಬೇಳೆ, ಕಾಬೂಲ್ ಕಡಲೆ, ಕೊತ್ತಂಬರಿ ಸೊಪ್ಪನ್ನು ಟರ್ಕಿಯವರ ಅಂಗಡಿಯಲ್ಲಿ ನೋಡಲಿ. ತೊಗರಿಬೇಳೆಗೆ ಮಾತ್ರ ಭಾರತೀಯ ಅಂಗಡಿಗೆ ಹೋಗಬೇಕು. ವಾರದಲ್ಲಿ ನಾಲ್ಕು ದಿನ ಮಸೂರ್ ಬೇಳೆ ಸಾರು ಮಾಡಿಕೊಳ್ಳಲಿ, ಬೇಗ ಬೇಯುವುದರಿಂದ ಕುಕ್ಕರೂ ಬೇಡ.