‘ಕರಗುವ ದಾರ’ ಲೇಖನದ ಕುರಿತು

ಮಾನ್ಯರೇ,

ಶಸ್ತ್ರಚಿಕಿತ್ಸೆಯ ಹೊಲಿಗೆ ದಾರಗಳನ್ನು ಕುರಿತು ನೀವು ದಾವಣಗೆರೆಯಿಂದ ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಕೈಬಿಡಲೂ ಮನಸ್ಸಾಗದೆ ಇಷ್ಟನ್ನು ಬರೆಯುತ್ತಿದ್ದೇನೆ. ದಾರಗಳ ಹೆಸರುಗಳನ್ನೆಲ್ಲ ಕೊಟ್ಟಿರುವ ನೀವು, ದಾರ ಹೊಕ್ಕ ಮಾಂಸದಲ್ಲಿ ಏನಾಗುತ್ತದೆ ಎಂಬುದನ್ನು ಹೇಳಿಯೇ ಇಲ್ಲ.

ಕ್ಯಾಟ್‌ಗಟ್ ಎಂದರೆ ನೀವು ಬರೆದಂತೆ ‘ಬೆಕ್ಕಿನ ಕರುಳಿನ ದಾರ’ವಲ್ಲ; ಅದು ಕುರಿ ಅಥವಾ ದನದ ಕರುಳಿನಿಂದ ತೆಗೆದ ಕೊಲಾಜನ್ ಎಂಬ ಪ್ರೋಟೀನಿನ ದಾರ. ಇದನ್ನು ತಿದ್ದುವುದು ಸುಲಭ. ಆದರೆ ಎಲ್ಲ ದಾರಕ್ಕೂ ನೀವು ಬಳಸಿರುವ ‘ಕರಗುತ್ತದೆ’ ಎಂಬ ಮಾತು ಇಡೀ ವಿಷಯವನ್ನೇ ಮುಚ್ಚಿಹಾಕಿದೆ. ಕ್ಯಾಟ್‌ಗಟ್ ಪರಕೀಯ ಪ್ರೋಟೀನ್ ಆದ್ದರಿಂದ ರಕ್ಷಣಾ ಕೋಶಗಳು ಅದನ್ನು ಮುತ್ತಿ, ಕಿಣ್ವಗಳಿಂದ ಕಡಿದು ನುಂಗುತ್ತವೆ. ಅದರ ಸುತ್ತ ಉರಿಯೂತ ಹೆಚ್ಚಿರುವುದು ಇದರಿಂದಲೇ. ಪಾಲಿಗ್ಲ್ಯಾಕ್ಟಿನ್ ಎಂಬ ಕೃತಕ ದಾರ ಹಾಗಲ್ಲ, ದೇಹದೊಳಗಿನ ನೀರೇ ಅದರ ಅಣುಸರಪಳಿಯನ್ನು ತುಂಡರಿಸುವುದರಿಂದ ಉರಿಯೂತ ಸೌಮ್ಯವಾಗಿರುತ್ತದೆ. ಅದು ಸುಮಾರು 3 ವಾರಗಳಲ್ಲಿ ಅರ್ಧ ಬಲ ಕಳೆದುಕೊಂಡರೂ ಪೂರ್ಣ ಮಾಯವಾಗಲು 56ರಿಂದ 70 ದಿನ ಬೇಕು. ಬಲಗುಂದುವುದು ಬೇರೆ, ಮಾಯವಾಗುವುದು ಬೇರೆ. ನೀವು ಎರಡನ್ನೂ ಬೆರೆಸಿದ್ದೀರಿ. ರೇಷ್ಮೆಯನ್ನು ‘ಕರಗದ ದಾರ’ವೆಂದು ವರ್ಗೀಕರಿಸುವುದು ನಿಜವಾದರೂ, ಪ್ರೋಟೀನ್ ಆದ ಅದೂ ದೇಹದಲ್ಲಿ ನಿಧಾನವಾಗಿ ಸವೆಯುತ್ತದೆ.

ದಾವಣಗೆರೆಯ ಹತ್ತಿ ಗಿರಣಿಗಳಿಂದ ಆರಂಭಿಸಿ ಮರುಕ್ಷಣವೇ ಅವನ್ನು ಮರೆತಿದ್ದೀರಿ, ಇದು ನನಗೆ ನಿಜಕ್ಕೂ ಬೇಸರ ತಂದಿತು. ಹಲವು ಎಳೆ ಹೆಣೆದ ದಾರಕ್ಕೂ ಒಂಟಿ ಎಳೆಗೂ ಇರುವ ವ್ಯತ್ಯಾಸ ನೂಲಿನ ಊರಿನ ಓದುಗರಿಗೆ ತಟ್ಟನೆ ಹೊಳೆಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ, ಹೆಣೆದ ರೇಷ್ಮೆ ಗಾಯದ ದ್ರವವನ್ನೂ ಅದರೊಡನೆ ಬ್ಯಾಕ್ಟೀರಿಯಾಗಳನ್ನೂ ಎಳೆಗಳ ಸಂದಿಗೆ ಸೆಳೆಯುತ್ತದೆ. ಆ ಸಂದಿಯೊಳಕ್ಕೆ ಬಿಳಿ ರಕ್ತಕಣಗಳು ಸುಲಭವಾಗಿ ನುಗ್ಗಲಾರವು. 1957ರಲ್ಲಿ ಎಲೆಕ್ ಮತ್ತು ಕೊನೆನ್ ಎಂಬ ಸಂಶೋಧಕರು ಮನುಷ್ಯರ ಚರ್ಮದಲ್ಲಿ ಪರೀಕ್ಷಿಸಿದಾಗ, ಹೊಲಿಗೆಯಿಲ್ಲದ ಕಡೆ ಕೀವು ಹುಟ್ಟಿಸಲು ಲಕ್ಷಗಟ್ಟಲೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಬೇಕಾದವು; ರೇಷ್ಮೆ ಹೊಲಿಗೆಯಿದ್ದಾಗ ನೂರರ ಲೆಕ್ಕದಷ್ಟೇ ಸಾಕಾಯಿತು. ಲೇಖನದ ನಡುಗಂಬ ಇದಾಗಬೇಕು.

‘ಹೊಸ ದಾರಗಳಿಗೆ ದೇಹ ಪ್ರತಿಕ್ರಿಯಿಸುವುದೇ ಇಲ್ಲ’ ಎಂಬ ಕೊನೆಯ ವಾಕ್ಯವನ್ನು ತೆಗೆಯಿರಿ. ಮೊದಲ ಕೆಲವು ದಿನಗಳ ಉರಿಯೂತಕ್ಕೆ ಸೂಜಿ ಹಾಯ್ದ ಗಾಯವೇ ಮುಖ್ಯ ಕಾರಣ; ದಾರದ ಗುಣ ಕಾಣುವುದು ಆಮೇಲೆ. ತೀರಾ ಕಡಿಮೆ ಕೆರಳಿಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯ ಸುತ್ತಲೂ ತೆಳುವಾದ ನಾರಿನ ಕವಚವೊಂದು ಬೆಳೆಯುತ್ತದೆ. ಊರಿನ ವೈದ್ಯಕೀಯ ಕಾಲೇಜಿನಲ್ಲಿ ಅನುಮತಿ ಪಡೆದು ಅಂತಹ ಅಂಗಾಂಶದ ಸ್ಲೈಡೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬನ್ನಿ. ನೋಡಿದ ಮೇಲೆ ದೇಹದ ಪ್ರತಿಕ್ರಿಯೆಯ ಭಾಗವನ್ನು ಮೊದಲಿನಿಂದ ಬರೆದು ಕಳುಹಿಸಿ.

ಸಂಪಾದಕ