ಟೆಲಿಸ್ಕೋಪ್ ಈಗಲೇ ಬೇಡ, ಮೊದಲು ಬೈನಾಕ್ಯುಲರ್

ಮಗಳಿಗೆ ಆಕಾಶ ನೋಡುವ ಆಸೆ ಬಂದಿದೆ, ಮೂವತ್ತು ಸಾವಿರದ ಟೆಲಿಸ್ಕೋಪ್ ಕೊಡಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ ಸಾರ್. ಮೊದಲು ಒಂದು 10×50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಅಗಲದ ಮಸೂರದ್ದು) ತೆಗೆದುಕೊಳ್ಳಿ. ಚಂದ್ರನ ಕುಳಿಗಳು, ಕೃತ್ತಿಕೆಯ ಗುಂಪು ಚೆನ್ನಾಗಿ ಕಾಣುತ್ತವೆ. ಕೈ ಅಲುಗದಂತೆ ಗೋಡೆಗೆ ಒರಗಿ ಹಿಡಿದರೆ ಗುರುಗ್ರಹದ ನಾಲ್ಕು ದೊಡ್ಡ ಚಂದ್ರರೂ ಸಿಗುತ್ತಾರೆ. ಶನಿಯ ಉಂಗುರ ನೋಡಲು ಮಾತ್ರ ಟೆಲಿಸ್ಕೋಪೇ ಬೇಕು. ಆಸಕ್ತಿ ಇಳಿದರೂ ಬೈನಾಕ್ಯುಲರ್ ಸುಮ್ನೆ ಮೂಲೆ ಸೇರುವುದಿಲ್ಲ, ಹಕ್ಕಿ ನೋಡಲು ಆಗುತ್ತದೆ.

ನೀವಿರುವುದು ಬೆಂಗಳೂರಿನ ನಡುವೆ ಅಲ್ವಾ? ಅಲ್ಲಿನ ಬೆಳಕಿನಲ್ಲಿ ನೀಹಾರಿಕೆಗಳು (ಆಕಾಶದಲ್ಲಿನ ಅನಿಲ, ಧೂಳಿನ ಮೋಡಗಳು) ಟೆಲಿಸ್ಕೋಪ್ ಬಾಕ್ಸ್ ಮೇಲಿನ ಬಣ್ಣದ ಚಿತ್ರದಂತೆ ಕಾಣುವುದೇ ಇಲ್ಲ. ಜಾಸ್ತಿ ಮಕ್ಕಳಿಗೆ ಬೇಸರವಾಗುವುದು ಅಲ್ಲೇ. ‘500 ಪಟ್ಟು’ ಎಂದು ಬರೆದ ಅಗ್ಗದ ಟೆಲಿಸ್ಕೋಪನ್ನಂತೂ ಮುಟ್ಟಬೇಡಿ, ಸ್ಟ್ಯಾಂಡೇ ನಡುಗುತ್ತದೆ. ವರ್ಷ ಕಳೆದ ಮೇಲೂ ಅವಳು ತಾನಾಗಿ ಮಹಡಿ ಹತ್ತುತ್ತಿದ್ದರೆ, ಆಗ 6 ಇಂಚಿನ ಡಾಬ್ಸೋನಿಯನ್ (ಸರಳ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರುವ, 6 ಇಂಚು ಅಗಲದ ಕನ್ನಡಿಯ ಟೆಲಿಸ್ಕೋಪ್) ನೋಡಿ.